ಪಾನನಿರೋಧವೂ ನಮ್ಮ ಗಡಿನಾಡಿನ ತರುಣರೂ

ಸಂಘಗಳ ವಾರ್ಷಿಕೋತ್ಸವದ ಸಂಚಿಕೆಗಳಲ್ಲಿ ದೇವಾಲಯಗಳ, ಶಿಲಾಶಾಸನಗಳ, ಪಾಳೆಯಗಾರರ ಚರಿತ್ರೆಗಳು ಬರುವುದು ವಾಡಿಕೆ. ಹೊಸೂರಿನ ಚಂದ್ರಚೂಡೇಶ್ವರನ ಬೆಟ್ಟವನ್ನು ಕುರಿತೂ ಡೆಂಕಣಿಕೋಟೆಯ ಬೇಟರಾಯಸ್ವಾಮಿಯನ್ನು ಕುರಿತೂ ಬರೆಯಬೇಕಾದುದು ಇನ್ನೂ ಬೇಕಾದಷ್ಟುಂಟು. ಆದರೂ ಈ ಸಲ ನಾವು ಹೆಂಡದಂಗಡಿಯ ಚರಿತ್ರೆಯನ್ನು ಎತ್ತಿಕೊಂಡಿದ್ದೇವೆ. ಉತ್ಸವದ ಹೊತ್ತಗೆಯಲ್ಲಿ ಇದೆಂತಹ ವಿಷಯವೆಂದು ಕೆಲವರು ಹಿರಿಯರು ಹುಬ್ಬು ಗಂಟಿಕ್ಕಬಹುದು. ಅವರಿಗೆ ನಮ್ಮ ಸಮಾಧಾನವಿಷ್ಟೆ: ಭಾರತದಲ್ಲಿ ಜನರು ಚುನಾಯಿಸಿದ ಸರಕಾರವೊಂದು ಒಂದಿಡೀ ಜಿಲ್ಲೆಯಲ್ಲಿ ಮದ್ಯವನ್ನು ನಿಲ್ಲಿಸಿದ ಮೊದಲ ಪ್ರಯೋಗವು ನಡೆದುದು ನಮ್ಮ ನೆಲದಲ್ಲಿ. 1937ರಲ್ಲಿ ಸೇಲಂ ಜಿಲ್ಲೆಗೆ ಸೇರಿದ್ದ ಹೊಸೂರು ತಾಲ್ಲೂಕು ಆ ಪ್ರಯೋಗದ ಭಾಗವಾಗಿದ್ದಿತು. ಪ್ರಯೋಗವನ್ನು ನಡೆಸಿದ ಮಹನೀಯರು ಹುಟ್ಟಿದುದು ಇದೇ ತಾಲ್ಲೂಕಿನ ತೊರಪಳ್ಳಿಯಲ್ಲಿ. ನಮ್ಮ ಉದ್ದನಪಲ್ಲಿಯವರು ಹೊಸೂರಿಗೆ ಹೋಗಿಬರುವಾಗ ಅವರ ಹೆಸರಿನ ಕಟ್ಟಡಗಳನ್ನೂ ಬೀದಿಗಳನ್ನೂ ನೋಡುತ್ತಾರೆ. ಅವರು ಏತಕ್ಕಾಗಿ ಅಷ್ಟು ಹಟ ಹಿಡಿದರೆಂಬುದನ್ನು ಮಾತ್ರ ನಮ್ಮ ಮಕ್ಕಳಿಗೆ ಹೇಳುವವರು ಕಡಿಮೆ.

ಇನ್ನೊಂದು ಕಾರಣವೂ ಉಂಟು. ತರುಣನೊಬ್ಬನು ಎಷ್ಟನೆಯ ವಯಸ್ಸಿಗೆ ಕುಡಿಯಬಹುದು ಎಂಬ ಪ್ರಶ್ನೆಯನ್ನು ಇಂದು ಸರಕಾರಗಳು ನಿಯಮಗಳಲ್ಲಿ ಬರೆಯುತ್ತಿವೆ, ತಿದ್ದುತ್ತಿವೆ. ಎರಡು ರಾಜ್ಯಗಳ ಗಡಿಯಲ್ಲಿ ಮನೆ ಮಾಡಿಕೊಂಡಿರುವ ನಮಗೆ ಈ ತಿದ್ದುಪಡಿಗಳು ದೂರದ ಸಮಾಚಾರವಲ್ಲ.

ನಮ್ಮ ಪೂರ್ವಿಕರು ಕುಡಿತವನ್ನು ವಯಸ್ಸಿನಿಂದ ಅಳೆದವರಲ್ಲ. ಯಾವ ಕುಲದವನು, ಯಾವ ದೇವರ ಒಕ್ಕಲು, ಯಾವ ಹಬ್ಬ, ಯಾರ ಎದುರು ಎಂಬ ಲೆಕ್ಕವಿದ್ದಿತೇ ಹೊರತು ಎಷ್ಟು ವರ್ಷದವನೆಂಬ ಲೆಕ್ಕವಿರಲಿಲ್ಲ. ಕೆಲವು ಮನೆಗಳಲ್ಲಿ ಮದ್ಯದ ಹೆಸರನ್ನೂ ಎತ್ತಬಾರದು. ಕೆಲವು ಮನೆಗಳಲ್ಲಿ ಮಾರಮ್ಮನಿಗೂ ಮುನೇಶ್ವರನಿಗೂ ಹೆಂಡವಿಲ್ಲದೆ ಪೂಜೆ ಸಲ್ಲದು. ಪಿತೃಪಕ್ಷದಲ್ಲಿ ತೀರಿಕೊಂಡ ಹಿರಿಯರಿಗೆ ಎಡೆಯಿಡುವಾಗ, ಬದುಕಿದ್ದಾಗ ಅವರಿಗೆ ಪ್ರಿಯವಾಗಿದ್ದ ಹೆಂಡವನ್ನೋ ಸಾರಾಯಿಯನ್ನೋ ಎಲೆಯ ಪಕ್ಕದಲ್ಲಿ ಇರಿಸುವ ಪದ್ಧತಿ ಹಳೆಯ ಮೈಸೂರು ಸೀಮೆಯ ಅನೇಕ ಒಕ್ಕಲುಗಳಲ್ಲಿ ಉಂಟು. ಎಡೆಯ ಮೇಲಿನದು ಪ್ರಸಾದ. ಅದರಲ್ಲಿ ಒಂದು ಗುಟುಕು ಹುಡುಗನ ನಾಲಗೆಗೂ ತಗುಲಿದರೆ ಅದನ್ನು ಯಾರೂ ಕುಡಿತವೆಂದು ಕರೆಯುತ್ತಿರಲಿಲ್ಲ.

ಆದರೆ ಇಂತಹ ಮನೆಗಳಲ್ಲಿಯೂ ಒಂದು ಕಟ್ಟುಪಾಡಿದ್ದಿತು. ಮಗನು ತಂದೆಯ ಎದುರು, ಅಳಿಯನು ಮಾವನ ಎದುರು, ಕಿರಿಯವನು ಊರ ಯಜಮಾನನ ಎದುರು ಬಟ್ಟಲನ್ನು ಎತ್ತುವಂತಿಲ್ಲ. ಮಗನು ಹೊರಗೆ ಕುಡಿದು ಬಂದುದು ತಂದೆಗೆ ತಿಳಿದಿದ್ದರೂ, ಅಂದು ಆ ಮಗನು ಹಿತ್ತಿಲ ಬಾಗಿಲಿನಿಂದ ಬಂದು ಸದ್ದಿಲ್ಲದೆ ಮಲಗಬೇಕು. ಇದನ್ನು ಕಪಟವೆಂದು ಇಂದಿನ ವಿದ್ಯಾವಂತರು ಹಳಿಯಬಹುದು. ನಮಗೆ ಹಾಗೆ ತೋರುವುದಿಲ್ಲ. ಬರೆದ ಕಾಯಿದೆಯಿಲ್ಲದ ಕಾಲದಲ್ಲಿ ಆ ಸಂಕೋಚವೇ ಕಾಯಿದೆಯ ಕೆಲಸವನ್ನು ಮಾಡುತ್ತಿದ್ದಿತು. ‘ಈಚಲ ಮರದ ಕೆಳಗೆ ಕುಳಿತು ಮಜ್ಜಿಗೆ ಕುಡಿದಂತೆ’ ಎಂಬ ಗಾದೆಯನ್ನು ಬಲ್ಲವರೆಲ್ಲರೂ ಇದನ್ನು ಒಪ್ಪಿಯಾರು. ಗಾದೆಯಲ್ಲಿ ಕುಡಿದುದು ಮಜ್ಜಿಗೆಯೇ. ಆದರೂ ಈಚಲ ಮರದಡಿಯಲ್ಲಿ ಕಂಡುದೇ ತಪ್ಪಾಯಿತು. ನಮ್ಮ ಜನರ ಭಯವಿದ್ದುದು ಪೊಲೀಸರದ್ದಲ್ಲ, ನೋಡುವವರ ಕಣ್ಣಿನದು.

ಕನ್ನಡಿಗರ ಮನಸ್ಸು ಕುಡುಕನನ್ನು ಕೇವಲ ತಿರಸ್ಕಾರದಿಂದ ನೋಡಿತೆಂದೂ ಹೇಳಲಾಗದು. ಹನ್ನೆರಡನೆಯ ಶತಮಾನದ ಶರಣರಲ್ಲಿ ಹೆಂಡದ ಮಾರಯ್ಯನೆಂಬವನೊಬ್ಬನು. ಅವನ ಕಾಯಕದ ಹೆಸರೇ ಅವನ ಹೆಸರಾಗಿ ವಚನಕಾರರ ಸಾಲಿನಲ್ಲಿ ನಿಂತಿದೆ. ನಮ್ಮ ಕಾಲಕ್ಕೆ ಸಮೀಪದಲ್ಲಿ ಜಿ. ಪಿ. ರಾಜರತ್ನಂ ಅವರು ‘ರತ್ನನ ಪದಗಳು’ ಬರೆದು ಹೆಂಡಗುಡುಕನೊಬ್ಬನ ಬಾಯಲ್ಲಿ ಕನ್ನಡದ ಅಭಿಮಾನವನ್ನೂ ಬಡವನ ಸಂಸಾರದ ಅಕ್ಕರೆಯನ್ನೂ ಆಡಿಸಿದರು. ಕವಿಗಳು ಮಾತ್ರ ಮದ್ಯವನ್ನು ಮುಟ್ಟದವರು. ಗಡಿನಾಡಿನ ಕನ್ನಡ ಸಮಾರಂಭಗಳಲ್ಲಿ ಆ ಪದಗಳನ್ನು ಹಾಡದೆ ಬಿಡುವುದಿಲ್ಲ. ಹಾಡುವ ಹುಡುಗರಲ್ಲಿ ಯಾರಿಗೂ ಅದರಿಂದ ಕುಡಿತ ಅಂಟಿತೆಂದು ನಾವು ಕೇಳಿಲ್ಲ.

ಅದಿರಲಿ. ಹಳೆಯ ಸಂಕೋಚವು ಸಡಿಲವಾದುದು ಹೇಗೆಂಬುದನ್ನು ತಿಳಿಯಬೇಕಾದರೆ ರಾಜ್ಯದ ಬೊಕ್ಕಸದ ಕಡೆಗೆ ತಿರುಗಬೇಕು. ಟಿಪ್ಪು ಸುಲ್ತಾನನು ತನ್ನ ರಾಜ್ಯದಲ್ಲಿ ಮದ್ಯವನ್ನು ನಿಷೇಧಿಸಿದ್ದನು. 1792ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲು ಇಂಗ್ಲಿಷರ ಕೈಸೇರಿತು. ಘಟ್ಟದ ಮೇಲಿನ ಹೊಸೂರು ಸೀಮೆಯು 1799ರಲ್ಲಿ ಟಿಪ್ಪುವು ಮಡಿದ ಮೇಲೆ ಅವರ ಪಾಲಾಯಿತು. ಕಂಪೆನಿಯವರಿಗೆ ಹೆಂಡವು ಧರ್ಮದ ಪ್ರಶ್ನೆಯೂ ಆಗಿರಲಿಲ್ಲ, ಆರೋಗ್ಯದ ಪ್ರಶ್ನೆಯೂ ಆಗಿರಲಿಲ್ಲ, ಆದಾಯದ ಬಾಬಾಗಿದ್ದಿತು. ಮಾರುವ ಹಕ್ಕನ್ನು ಹರಾಜು ಹಾಕಿ, ಹೆಚ್ಚು ಕೂಗಿದವನಿಗೆ ಕೊಡುವ ಗುತ್ತಿಗೆಯ ಪದ್ಧತಿ ಬೇರೂರಿತು. 1886ರ ಮದರಾಸು ಅಬಕಾರಿ ಕಾಯಿದೆಯು ಅದನ್ನೆಲ್ಲ ಒಂದು ಇಲಾಖೆಯ ಕಟ್ಟಳೆಗೆ ತಂದಿತು.

ಈ ಹರಾಜಿನ ಪರಿಣಾಮವನ್ನು ವಾಚಕರು ಸ್ವಲ್ಪ ನಿಂತು ಆಲೋಚಿಸಬೇಕು. ಮರದಿಂದ ಇಳಿಸಿದ ಹೆಂಡವು ಮರದ ಕೆಳಗೇ ಮುಗಿಯುತ್ತಿದ್ದಾಗ, ಎಷ್ಟು ಇಳಿಯಿತೋ ಅಷ್ಟೇ ಕುಡಿತ. ಕೂಗಿ ಹಿಡಿದ ಗುತ್ತಿಗೆದಾರನಿಗಾದರೋ ಕಟ್ಟಿದ ಹಣವನ್ನು ಎತ್ತಲೇಬೇಕು. ವರ್ಷಕ್ಕೆ ವರ್ಷ ಹೊಸ ಗಿರಾಕಿ ಬೇಕು. ಮುದುಕರು ಸಾಯುತ್ತಾರೆ, ಆದುದರಿಂದ ಹೊಸ ಗಿರಾಕಿಯೆಂದರೆ ಕೂಲಿಯ ಕಾಸನ್ನು ಆಗತಾನೆ ಕೈಯಲ್ಲಿ ಹಿಡಿದ ಹುಡುಗನೇ. ಅಂಗಡಿಯು ಸಂತೆಯ ದಾರಿಗೆ ಬಂದಿತು. ಅಲ್ಲಿ ಮಗನಿಗೆ ತಂದೆಯ ಕಣ್ಣಿಲ್ಲ, ಅಂಗಡಿಯವನಿಗೆ ಯಾರ ಮಗನೆಂಬ ಚಿಂತೆಯಿಲ್ಲ. ಮದರಾಸು ಪ್ರಾಂತದ ಆದಾಯದಲ್ಲಿ ಸುಮಾರು ಕಾಲುಭಾಗವು ಅಬಕಾರಿಯಿಂದಲೇ ಬರುವ ಸ್ಥಿತಿ ಒದಗಿತು.

ಇದರ ವಿರುದ್ಧ ಎದ್ದ ಚಳವಳಿಯಲ್ಲಿ ನಮ್ಮ ಸೀಮೆಯ ಸುತ್ತಣವರ ಹೆಸರುಗಳೇ ಮುಂದೆ ನಿಲ್ಲುತ್ತವೆ. 1921ರಲ್ಲಿ ಗಾಂಧೀಜಿಯವರ ಅಸಹಕಾರದ ಕಾರ್ಯಕ್ರಮದಂತೆ ಈರೋಡಿನ ಹೆಂಡದಂಗಡಿಗಳ ಮುಂದೆ ಪಿಕೆಟಿಂಗು ನಡೆಯಿತು. ಅದರಲ್ಲಿ ಇ. ವೆ. ರಾಮಸ್ವಾಮಿಯವರ ಮಡದಿ ನಾಗಮ್ಮೈಯವರೂ ತಂಗಿ ಕಣ್ಣಮ್ಮಾಳರೂ ಹೆಂಗಸರ ಮುಂದಾಳುಗಳಾಗಿ ನಿಂತರು. ರಾಮಸ್ವಾಮಿಯವರು ತಮ್ಮ ತೋಟದ ನೂರಾರು ತೆಂಗಿನ ಮರಗಳನ್ನೇ ಕಡಿಸಿಹಾಕಿದರೆಂದು ಅವರ ಚರಿತ್ರಕಾರರು ಬರೆದಿದ್ದಾರೆ. ಮುಂದೆ ಪೆರಿಯಾರ್ ಎಂದು ತಮಿಳುನಾಡು ಕೊಂಡಾಡಿದ ಈ ಪುರುಷರ ಮನೆಮಾತು ಕನ್ನಡವೆಂಬುದನ್ನು ನಮ್ಮ ವಾಚಕರಿಗೆ ಮತ್ತೆ ನೆನಪಿಸುವ ಅಗತ್ಯವಿಲ್ಲದಿದ್ದರೂ, ನೆನಪಿಸುವ ಆಸೆಯನ್ನು ಅಡಗಿಸಲಾರೆವು. ಮೈಸೂರು ಸಂಸ್ಥಾನದಲ್ಲಿ 1939ರಲ್ಲಿ ಚಿತ್ರದುರ್ಗದ ಬಳಿಯ ತುರುವನೂರಿನಲ್ಲಿ ಎಸ್. ನಿಜಲಿಂಗಪ್ಪನವರ ಮುಂದಾಳುತನದಲ್ಲಿ ಈಚಲ ಮರಗಳನ್ನು ಕಡಿದು ಸತ್ಯಾಗ್ರಹ ಮಾಡಿದುದೂ ಇದೇ ಧಾರೆಗೆ ಸೇರಿದುದು. ಈ ಚಳವಳಿಗಳಲ್ಲಿ ನಾವು ಗಮನಿಸತಕ್ಕ ಅಂಶವೊಂದಿದೆ. ಹದಿನೆಂಟು, ಇಪ್ಪತ್ತರ ತರುಣರು ಅಂಗಡಿಯ ಮುಂದೆ ನಿಂತುದು ಕುಡಿಯುವುದಕ್ಕಲ್ಲ, ಕುಡಿಯಬಂದ ಹಿರಿಯರನ್ನು ಕೈಮುಗಿದು ತಡೆಯುವುದಕ್ಕೆ. ಮಗನು ತಂದೆಗೆ ನಾಚುವುದರ ಬದಲು ತಂದೆಯು ಮಗನಿಗೆ ನಾಚಬೇಕಾದ ಕಾಲ ಬಂದಿದ್ದಿತು.

ಚಕ್ರವರ್ತಿ ರಾಜಗೋಪಾಲಾಚಾರ್ಯರು 1878ರ ಡಿಸೆಂಬರ್ 10ರಂದು ತೊರಪಳ್ಳಿಯಲ್ಲಿ ಹುಟ್ಟಿದರು. ತಂದೆ ವೆಂಕಟಾರ್ಯ ಅಯ್ಯಂಗಾರ್ಯರು ಆ ಗ್ರಾಮದ ಮುನಸೀಫರು. ಬಾಲಕನ ಓದು ಹೊಸೂರಿನಲ್ಲಿ, ಬಳಿಕ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ, ಕಾನೂನಿನ ಓದು ಮದರಾಸಿನಲ್ಲಿ. ಸೇಲಂನಲ್ಲಿ ವಕೀಲಿ ನಡೆಸಿ ಹೆಸರುಗಳಿಸಿದವರು ಅದನ್ನು ಬಿಟ್ಟು ಗಾಂಧೀಜಿಯವರನ್ನು ಅನುಸರಿಸಿದರು. 1925ರಲ್ಲಿ ತಿರುಚೆಂಗೋಡಿನ ಬಳಿಯ ಪುದುಪಾಳೆಯದಲ್ಲಿ ಆಶ್ರಮವನ್ನು ಸ್ಥಾಪಿಸಿದರು. ಅಲ್ಲಿಂದ ‘ವಿಮೋಚನಂ’ ಎಂಬ ತಮಿಳು ಪತ್ರಿಕೆಯನ್ನು ಪಾನನಿರೋಧಕ್ಕಾಗಿಯೇ ಹೊರಡಿಸಿದರು. ಮುಂದೆ ಕಾದಂಬರಿಕಾರರಾಗಿ ಪ್ರಸಿದ್ಧರಾದ ಕಲ್ಕಿ ಕೃಷ್ಣಮೂರ್ತಿಯವರು ಆ ಪತ್ರಿಕೆಯಲ್ಲಿ ಅವರಿಗೆ ನೆರವಾಗಿದ್ದರು.

1937ರ ಜುಲೈನಲ್ಲಿ ಮದರಾಸು ಪ್ರಾಂತದ ಪ್ರಧಾನಿಯಾದ ರಾಜಾಜಿಯವರು ತಡಮಾಡಲಿಲ್ಲ. ಮದರಾಸು ಪಾನನಿರೋಧ ಶಾಸನವು ಅದೇ ವರ್ಷ ಸಿದ್ಧವಾಗಿ, ಅಕ್ಟೋಬರ್ 1ರಂದು, ಗಾಂಧೀಜಿಯವರ ಹುಟ್ಟುಹಬ್ಬದ ಹಿಂದಿನ ದಿನ, ಸೇಲಂ ಜಿಲ್ಲೆಯಲ್ಲಿ ಜಾರಿಗೆ ಬಂದಿತು. ಹೆಂಡದಂಗಡಿಗಳೂ ಸಾರಾಯಿ ಅಂಗಡಿಗಳೂ ಒಂದೇ ದಿನ ಮುಚ್ಚಿದವು. ಆಗ ಸೇಲಂನ ಕಲೆಕ್ಟರರಾಗಿದ್ದ ಡಿಕ್ಸನ್ ಎಂಬ ಇಂಗ್ಲಿಷ್ ಅಧಿಕಾರಿಯು ಕಾಂಗ್ರೆಸ್ ಸರಕಾರದ ಈ ಯೋಜನೆಯನ್ನು ಮನಃಪೂರ್ವಕವಾಗಿ ನಡೆಸಿದುದು ಅಂದಿನವರಿಗೆ ಸೋಜಿಗವಾಗಿದ್ದಿರಬೇಕು. ಅಂಗಡಿಯನ್ನು ಮುಚ್ಚಿದರೆ ಸಾಲದು, ಸಂಜೆಯ ಹೊತ್ತನ್ನು ಕಳೆಯಲು ಬೇರೊಂದು ದಾರಿ ಬೇಕೆಂಬುದನ್ನೂ ಅವರು ಮನಗಂಡರು. ಹಳ್ಳಿಗಳಲ್ಲಿ ಆಟಪಾಟ, ಭಜನೆ, ಉಳಿತಾಯಕ್ಕೆ ಸಹಕಾರ ಸಂಘ ಮೊದಲಾದುವನ್ನು ಏರ್ಪಡಿಸುವ ಪ್ರಯತ್ನ ನಡೆಯಿತು. ಮದರಾಸು ವಿಶ್ವವಿದ್ಯಾನಿಲಯದ ಅರ್ಥಶಾಸ್ತ್ರದ ಪ್ರಾಧ್ಯಾಪಕ ಪಿ. ಜೆ. ಥಾಮಸರು ಜಿಲ್ಲೆಯ ಜನರ ಖರ್ಚುವೆಚ್ಚಗಳ ಮೇಲೆ ಪಾನನಿರೋಧದ ಪರಿಣಾಮವೇನೆಂದು ಪರಿಶೀಲಿಸಿ ವರದಿಯನ್ನು ಬರೆದರು. 1938ರಲ್ಲಿ ಚಿತ್ತೂರು, ಕಡಪ ಜಿಲ್ಲೆಗಳಿಗೂ 1939ರಲ್ಲಿ ಉತ್ತರ ಆರ್ಕಾಟಿಗೂ ಶಾಸನವು ಹಬ್ಬಿತು. ಬೊಕ್ಕಸಕ್ಕಾದ ನಷ್ಟವನ್ನು ತುಂಬುವುದಕ್ಕೆಂದು 1939ರಲ್ಲಿ ರಾಜಾಜಿಯವರು ಮಾರಾಟ ತೆರಿಗೆಯನ್ನು ತಂದರು. ಆ ತೆರಿಗೆ ಹೋದುದಿಲ್ಲ, ಬೇರೆ ಬೇರೆ ಹೆಸರುಗಳಲ್ಲಿ ಇಂದಿಗೂ ಉಳಿದುಕೊಂಡಿದೆ. ಅದಕ್ಕೆ ಕಾರಣವಾದ ಪಾನನಿರೋಧ ಮಾತ್ರ ಹೋಯಿತು. ಇದಕ್ಕಿಂತ ದೊಡ್ಡ ವಿನೋದವನ್ನು ನಮ್ಮ ಹಣಕಾಸಿನ ಇತಿಹಾಸದಲ್ಲಿ ಹುಡುಕುವುದು ಕಷ್ಟ.

ಆ ಶಾಸನದಲ್ಲಿ ತರುಣರ ವಯಸ್ಸಿನ ಪ್ರಶ್ನೆ ಏಳಲಿಲ್ಲ. ಎಂಬತ್ತರ ಮುದುಕನೂ ಹದಿನೆಂಟರ ಹುಡುಗನೂ ಅದರ ಮುಂದೆ ಒಂದೇ. ಅದರ ತೊಡಕಿದ್ದುದು ಬೇರೆ ಕಡೆ. ಜಿಲ್ಲೆಯ ಗಡಿ ಎಲ್ಲಿ ಮುಗಿಯಿತೋ ಶಾಸನವೂ ಅಲ್ಲಿಯೇ ಮುಗಿಯಿತು. ಉದ್ದನಪಲ್ಲಿಯಿಂದ ಹೊಸೂರು, ಹೊಸೂರಿನಿಂದ ಮುಂದೆ ಅತ್ತಿಬೆಲೆ, ಆನೇಕಲ್ಲು. ಆಚೆಯದು ಮೈಸೂರು ಮಹಾರಾಜರ ಸಂಸ್ಥಾನ, ಅಲ್ಲಿ ಈ ಶಾಸನವಿಲ್ಲ. ಸೇಲಂ ಪಟ್ಟಣದವನಿಗೆ ಪಾನನಿರೋಧವೆಂದರೆ ಕುಡಿಯಲಾರದ ಸ್ಥಿತಿ. ಗಡಿಯವನಿಗೆ ಅದು ಕೆಲವು ಮೈಲಿಗಳ ನಡಿಗೆ. ಹರೆಯದ ಕಾಲಿಗೆ ಆ ದೂರವೆಷ್ಟರದು! ಆದರೂ ಆ ನಡಿಗೆಗೆ ಒಂದು ಬೆಲೆಯಿದ್ದಿತೆಂಬುದನ್ನು ಮರೆಯಬಾರದು. ದಾರಿಹೋಕನಾಗಿ ಅಂಗಡಿಯನ್ನು ಹೊಗುವುದು ಬೇರೆ, ಅದಕ್ಕೆಂದೇ ಎದ್ದು ಗಡಿ ದಾಟುವುದು ಬೇರೆ.

1939ರ ಅಕ್ಟೋಬರಿನಲ್ಲಿ ಕಾಂಗ್ರೆಸ್ ಮಂತ್ರಿಮಂಡಲವು ರಾಜೀನಾಮೆ ಕೊಟ್ಟಿತು. ಯುದ್ಧಕಾಲದಲ್ಲಿ ಶಾಸನವನ್ನು ಅಮಾನತಿನಲ್ಲಿಟ್ಟರು. 1946ರಿಂದ ಅದು ಹಂತಹಂತವಾಗಿ ಮರಳಿ, ಓಮಂದೂರು ರಾಮಸ್ವಾಮಿ ರೆಡ್ಡಿಯಾರರ ಕಾಲದಲ್ಲಿ, 1948ರ ಅಕ್ಟೋಬರ್ 2ರ ಹೊತ್ತಿಗೆ ಇಡೀ ಮದರಾಸು ಪ್ರಾಂತವನ್ನು ವ್ಯಾಪಿಸಿತು. ರಾಜ್ಯಾಂಗದ 47ನೆಯ ಅನುಚ್ಛೇದವು ಪಾನನಿರೋಧವನ್ನು ಎಲ್ಲ ರಾಜ್ಯಗಳ ಮುಂದೆ ಗುರಿಯಾಗಿ ಇರಿಸಿತು.

1948ರಿಂದ 1971ರವರೆಗೆ ಇಪ್ಪತ್ತಮೂರು ವರ್ಷ. ನಮ್ಮ ಲೇಖನದ ಜೀವವಿರುವುದು ಈ ಇಪ್ಪತ್ತಮೂರು ವರ್ಷಗಳಲ್ಲಿ. 1950ರಲ್ಲಿ ಉದ್ದನಪಲ್ಲಿಯಲ್ಲಿಯೋ ಶೂಲಗಿರಿಯಲ್ಲಿಯೋ ರಾಯಕೋಟೆಯಲ್ಲಿಯೋ ಹುಟ್ಟಿದ ಮಗುವೊಂದನ್ನು ಭಾವಿಸಿಕೊಳ್ಳಿ. ಅದು ಸ್ಲೇಟು ಹಿಡಿದು ಶಾಲೆಗೆ ನಡೆದ ದಾರಿಯಲ್ಲಿ ಸರಕಾರದ ಪರವಾನಗಿ ಪಡೆದ ಹೆಂಡದಂಗಡಿಯಿಲ್ಲ. ಮೀಸೆ ಮೂಡಿದಾಗಲೂ ಇಲ್ಲ, ಮೊದಲ ಸಂಬಳ ಕೈಗೆ ಬಂದಾಗಲೂ ಇಲ್ಲ. ಇಪ್ಪತ್ತೊಂದು ವರ್ಷ ತುಂಬುವವರೆಗೆ ತನ್ನ ಊರಿನಲ್ಲಿ ಅಂತಹ ಬಾಗಿಲನ್ನೇ ಕಾಣದೆ ಬೆಳೆದ ಪೀಳಿಗೆಯೊಂದು ಇಲ್ಲಿ ಇದ್ದಿತು. ವಯಸ್ಸಿನ ಮಿತಿಯನ್ನು ಬರೆಯದೆಯೇ ಆ ಶಾಸನವು ಇಪ್ಪತ್ತೊಂದರ ಮಿತಿಯನ್ನು ಕಾರ್ಯತಃ ಸಾಧಿಸಿದ್ದಿತು.

ಅದೆಲ್ಲ ಸತ್ಯಯುಗವಾಗಿದ್ದಿತೆಂದು ನಾವು ಹೇಳುತ್ತಿಲ್ಲ. ಕಳ್ಳಭಟ್ಟಿ ಇದ್ದಿತು. ಕಾಡಿನಂಚಿನಲ್ಲಿ ಬೆಲ್ಲದ ಕೊಳೆ ಹಾಕಿ ಇಳಿಸಿದ ಸಾರಾಯಿಯನ್ನು ಗಾಡಿಯ ಚಕ್ರದ ರಬ್ಬರು ಟ್ಯೂಬುಗಳಲ್ಲಿ ತುಂಬಿ ರಾತ್ರಿಯಲ್ಲಿ ಸಾಗಿಸುತ್ತಿದ್ದುದನ್ನು ಹಿರಿಯರು ಇಂದಿಗೂ ಹೇಳುತ್ತಾರೆ. ಸಾಗಿಸುವ ಕೆಲಸಕ್ಕೆ ಬೇಕಾದವರು ಓಡಬಲ್ಲ ಹುಡುಗರೇ. ಕುಡಿಯದ ಹುಡುಗನೂ ಕಾಸಿನಾಸೆಗೆ ಹೊರುವವನಾದನು. ಸಿಕ್ಕಿಬಿದ್ದವನು ಹೊತ್ತವನೇ ಹೊರತು ಹೊರಿಸಿದವನಲ್ಲ. ಪಾನನಿರೋಧವನ್ನು ಹೊಗಳುವವರು ಈ ಪುಟವನ್ನು ಮಡಿಸಿ ಮುಂದೆ ಹೋಗುತ್ತಾರೆ, ಅದು ನ್ಯಾಯವಲ್ಲ. ಗಡಿಯಾಚೆಯ ಮೈಸೂರು ರಾಜ್ಯದಲ್ಲಿಯಾದರೋ ಕೆಲವು ಭಾಗಗಳಲ್ಲಿ ಮಾತ್ರ ಇದ್ದ ಪಾನನಿರೋಧವನ್ನು 1960ರ ದಶಕದ ಕೊನೆಯ ಭಾಗದಲ್ಲಿ ತೆಗೆದುಹಾಕಿದರು. ಆಗ ಮುಖ್ಯಮಂತ್ರಿಗಳಾಗಿದ್ದವರು ತುರುವನೂರಿನ ಸತ್ಯಾಗ್ರಹವನ್ನು ನಡೆಸಿದ ನಿಜಲಿಂಗಪ್ಪನವರೇ. ಅಧಿಕಾರದ ಕುರ್ಚಿಯಿಂದ ಈಚಲ ಮರವು ಬೇರೆ ಬಗೆಯಾಗಿ ಕಾಣುವುದೆಂದಷ್ಟೇ ಹೇಳಿ ಮುಂದುವರಿಯೋಣ.

1971ರಲ್ಲಿ ಮುಖ್ಯಮಂತ್ರಿ ಎಂ. ಕರುಣಾನಿಧಿಯವರ ಸರಕಾರವು ತಮಿಳುನಾಡಿನಲ್ಲಿ ಪಾನನಿರೋಧವನ್ನು ಅಮಾನತಿನಲ್ಲಿಡಲು ನಿಶ್ಚಯಿಸಿತು. ಆಗ ತೊಂಬತ್ತೆರಡು ದಾಟಿದ್ದ ರಾಜಾಜಿಯವರು ಮುಖ್ಯಮಂತ್ರಿಗಳ ಮನೆಗೆ ತಾವಾಗಿಯೇ ಹೋಗಿ, ಹಾಗೆ ಮಾಡಬಾರದೆಂದು ಬೇಡಿಕೊಂಡರು. ಸುರಿಯುವ ಮಳೆಯಲ್ಲಿ ಹೋದರೆಂದು ಹೇಳುವುದುಂಟು. ಬೇಡಿಕೆ ಸಲ್ಲಲಿಲ್ಲ. ಆಗಸ್ಟಿನ ಕೊನೆಗೆ ಅಂಗಡಿಗಳು ತೆರೆದವು. ಮರುವರ್ಷದ ಡಿಸೆಂಬರ್ 25ರಂದು ರಾಜಾಜಿಯವರು ತೀರಿಕೊಂಡರು.

ಅನಂತರದ ಚರಿತ್ರೆ ತೂಗುಯ್ಯಾಲೆಯದು. 1973ರಲ್ಲಿ ಹೆಂಡದಂಗಡಿಗಳನ್ನೂ 1974ರಲ್ಲಿ ಸಾರಾಯಿ ಅಂಗಡಿಗಳನ್ನೂ ಅದೇ ಸರಕಾರ ಮುಚ್ಚಿತು. 1981ರಲ್ಲಿ ಎಂ. ಜಿ. ರಾಮಚಂದ್ರನ್ ಅವರ ಸರಕಾರ ಮತ್ತೆ ತೆರೆಯಿತು. 1983ರಲ್ಲಿ ಸಗಟು ವ್ಯಾಪಾರಕ್ಕಾಗಿ ಟಾಸ್ಮ್ಯಾಕ್ ಎಂಬ ಸರಕಾರಿ ಸಂಸ್ಥೆ ಹುಟ್ಟಿತು. 1987ರಲ್ಲಿ ಹೆಂಡ ಸಾರಾಯಿಗಳು ಮತ್ತೆ ನಿಂತವು. 2003ರಲ್ಲಿ ಚಿಲ್ಲರೆ ಮಾರಾಟವೂ ಟಾಸ್ಮ್ಯಾಕ್ ಸಂಸ್ಥೆಯ ಕೈಗೆ ಬಂದಿತು. ಗುತ್ತಿಗೆದಾರನ ಸ್ಥಾನದಲ್ಲಿ ಸರಕಾರವೇ ಕುಳಿತುದು ಈ ಬಗೆಯಾಗಿ. ಈ ಅವಧಿಯಲ್ಲಿಯೇ ನಮ್ಮ ತಾಲ್ಲೂಕುಗಳು 1965ರಲ್ಲಿ ಸೇಲಂನಿಂದ ಧರ್ಮಪುರಿಗೂ 2004ರಲ್ಲಿ ಧರ್ಮಪುರಿಯಿಂದ ಕೃಷ್ಣಗಿರಿಗೂ ಜಿಲ್ಲೆ ಬದಲಾಯಿಸಿಕೊಂಡವು.

ವಯಸ್ಸಿನ ಮಾತು ಈಗ ಕಾಯಿದೆಯೊಳಗೆ ಬರುತ್ತದೆ. 2003ರ ಮಾರಾಟದ ನಿಯಮಗಳ ಪ್ರಕಾರ ಇಪ್ಪತ್ತೊಂದು ತುಂಬದವರಿಗೆ ಮದ್ಯವನ್ನು ಮಾರಕೂಡದು. ಶಾಲೆಯಿಂದಲೂ ದೇವಸ್ಥಾನದಿಂದಲೂ ಅಂಗಡಿಯು ನಗರಗಳಲ್ಲಿ 50 ಮೀಟರು, ಉಳಿದೆಡೆ 100 ಮೀಟರು ದೂರದಲ್ಲಿರಬೇಕು. ನೂರು ಮೀಟರು ಎಷ್ಟೆಂಬುದನ್ನು ಶಾಲೆಯ ಓಟದ ಪಂದ್ಯವನ್ನು ನೋಡಿದವರೆಲ್ಲ ಬಲ್ಲರು. ಚುರುಕಾದ ಹುಡುಗನು ಅದನ್ನು ಹದಿನೈದು ಸೆಕೆಂಡುಗಳಲ್ಲಿ ದಾಟುತ್ತಾನೆ. 2016ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಹೆದ್ದಾರಿಯಿಂದ 500 ಮೀಟರಿನೊಳಗೆ ಮದ್ಯದಂಗಡಿ ಕೂಡದೆಂದು ತೀರ್ಪಿತ್ತಿತು. ಆಗ ಹೆದ್ದಾರಿಯಿಂದ ಎದ್ದ ಅಂಗಡಿಗಳಿಗೆ ಊರೊಳಗೆ ಜಾಗ ಹುಡುಕಹೋಗಲು, 2017ರಲ್ಲಿ ತಮಿಳುನಾಡಿನ ಅನೇಕ ಹಳ್ಳಿಗಳ ಹೆಂಗಸರು ಬೀದಿಗಿಳಿದು ತಡೆದರು. ಅಂಗಡಿ ಎಲ್ಲಿರುತ್ತದೆಂಬುದು ಮಕ್ಕಳ ಪ್ರಶ್ನೆಯೆಂದು ಆ ತಾಯಂದಿರಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ.

ಕರ್ನಾಟಕದ ಕತೆ ಇನ್ನೂ ವಿಚಿತ್ರ. ಅಲ್ಲಿಯ 1965ರ ಅಬಕಾರಿ ಕಾಯಿದೆಯು ಹದಿನೆಂಟರ ಮಾತನ್ನು ಆಡಿದರೆ, 1967ರ ಸನ್ನದುಗಳ ನಿಯಮಗಳು ಇಪ್ಪತ್ತೊಂದರ ಮಾತನ್ನು ಆಡುತ್ತವೆ. ಈ ಎರಡು ನಾಲಗೆಗಳನ್ನು ಒಂದು ಮಾಡುತ್ತೇವೆಂದು 2023ರ ಜನವರಿಯಲ್ಲಿ ಅಲ್ಲಿಯ ಸರಕಾರವು ಇಪ್ಪತ್ತೊಂದನ್ನು ಹದಿನೆಂಟಕ್ಕಿಳಿಸುವ ಕರಡನ್ನು ಪ್ರಕಟಿಸಿತು. ಜನರಿಂದ ಆಕ್ಷೇಪಗಳು ಬಂದ ಮೇಲೆ ಅದೇ ತಿಂಗಳಲ್ಲಿ ಹಿಂತೆಗೆದುಕೊಂಡಿತು. ಕರಡೇನಾದರೂ ಉಳಿದಿದ್ದರೆ, ಜೂಜುವಾಡಿಯ ಈಚೆಗೆ ಇಪ್ಪತ್ತೊಂದು, ಅತ್ತಿಬೆಲೆಯ ಆಚೆಗೆ ಹದಿನೆಂಟು ಆಗುತ್ತಿದ್ದಿತು. 1937ರಲ್ಲಿ ಕಾಲ್ನಡಿಗೆಯಲ್ಲಿದ್ದ ದೂರವು ಈಗ ಮೋಟಾರು ಸೈಕಲ್ಲಿಗೆ ಕೆಲವು ನಿಮಿಷಗಳದು. ಹೋಗುವಾಗ ಹುಡುಗನು ಹೇಗೋ ಹೋದಾನು. ರಾತ್ರಿಯಲ್ಲಿ ಆ ಹೆದ್ದಾರಿಯ ಲಾರಿಗಳ ನಡುವೆ ಹಿಂದಿರುಗುವುದು ಹೇಗೆ?

ಇದು ನಮ್ಮ ಕಲ್ಪನೆಯ ಭಯವಲ್ಲ. ಅಮೆರಿಕದಲ್ಲಿ 1971ರಲ್ಲಿ ಮತದಾನದ ವಯಸ್ಸನ್ನು ಹದಿನೆಂಟಕ್ಕಿಳಿಸಿದರು. ಆ ಕಾಲದಲ್ಲಿ ಅನೇಕ ಸಂಸ್ಥಾನಗಳು ಕುಡಿಯುವ ವಯಸ್ಸನ್ನೂ ಅದರೊಡನೆ ಇಳಿಸಿದವು, ಕೆಲವು ಇಳಿಸಲಿಲ್ಲ. ಪರಿಣಾಮವಾಗಿ ತರುಣರು ತಮ್ಮ ಸಂಸ್ಥಾನದ ಗಡಿ ದಾಟಿ ಕುಡಿದು, ಕಾರು ನಡೆಸಿಕೊಂಡು ಮರಳುತ್ತ ದಾರಿಯಲ್ಲಿ ಸತ್ತರು, ಸಾಯಿಸಿದರು. ಅಂತಹ ಗಡಿಗಳನ್ನು ಅಲ್ಲಿಯವರು ರಕ್ತದ ಗಡಿಗಳೆಂದೇ ಕರೆದರು. ಕೊನೆಗೆ 1984ರಲ್ಲಿ ಅಲ್ಲಿಯ ಕೇಂದ್ರ ಸರಕಾರವು, ಇಪ್ಪತ್ತೊಂದರ ಮಿತಿಯನ್ನು ಒಪ್ಪದ ಸಂಸ್ಥಾನಕ್ಕೆ ಹೆದ್ದಾರಿಯ ಹಣದಲ್ಲಿ ಕಡಿತ ಮಾಡುವೆನೆಂದು ಶಾಸನ ಮಾಡಿತು. 1988ರ ಹೊತ್ತಿಗೆ ಎಲ್ಲ ಸಂಸ್ಥಾನಗಳೂ ಒಪ್ಪಿದವು. ನಮ್ಮ ದೇಶದಲ್ಲಿ ಅಂತಹ ಏಕರೂಪವಿಲ್ಲ. ಗೋವೆಯಲ್ಲಿ ಹದಿನೆಂಟು, ತಮಿಳುನಾಡಿನಲ್ಲಿ ಇಪ್ಪತ್ತೊಂದು. ಕೇರಳದಲ್ಲಿ 2017ರಿಂದ ಇಪ್ಪತ್ತಮೂರು. ಕಾಸರಗೋಡಿನ ನಮ್ಮ ಕನ್ನಡ ಬಂಧುಗಳ ಮಗನು ತಲಪಾಡಿಯ ಗಡಿಯನ್ನು ದಾಟಿ ಮಂಗಳೂರಿಗೆ ಹೋದೊಡನೆ ಅವನ ಪ್ರಾಯಕ್ಕೆ ಎರಡು ವರ್ಷ ಸೇರಿದಂತಾಗುತ್ತದೆ!

ಹದಿನೆಂಟಕ್ಕೆ ಮತ ಕೊಡುವವನು ಕುಡಿಯುವುದನ್ನೂ ತಾನೇ ನಿರ್ಧರಿಸಲಾರನೇ ಎಂದು ವಾದಿಸುವವರುಂಟು. 1989ರಲ್ಲಿ ಮತದಾನದ ವಯಸ್ಸು ನಮ್ಮಲ್ಲಿಯೂ ಹದಿನೆಂಟಕ್ಕಿಳಿದ ಮೇಲೆ ಈ ವಾದಕ್ಕೆ ಬಲ ಬಂದಿದೆ. ವಾದವು ನೋಡಲು ಚೆನ್ನಾಗಿದೆ. ಆದರೆ ಮತ ಕೊಟ್ಟುದರ ತಪ್ಪನ್ನು ಐದು ವರ್ಷಕ್ಕೊಮ್ಮೆ ತಿದ್ದಿಕೊಳ್ಳಬಹುದು. ಎಳೆಯ ಮೈಗೆ ಹತ್ತಿದ ಚಟವನ್ನು ಹಾಗೆ ತಿದ್ದಲು ಬಾರದು. ಎಷ್ಟು ಬೇಗ ಕುಡಿತ ಆರಂಭವಾಗುವುದೋ, ಮುಂದೆ ಅದಕ್ಕೆ ದಾಸರಾಗುವ ಸಂಭವ ಅಷ್ಟು ಹೆಚ್ಚೆಂದು ವೈದ್ಯರು ಹೇಳುತ್ತಾರೆ. ಮಿದುಳಿನ ಬೆಳವಣಿಗೆಯು ಇಪ್ಪತ್ತರ ನಂತರವೂ ಕೆಲವು ವರ್ಷ ನಡೆಯುವುದೆಂಬುದೂ ಈಗ ತಿಳಿದ ವಿಷಯ. ಎರಡಕ್ಕೂ ಒಂದೇ ವಯಸ್ಸು ಇರಬೇಕೆಂಬ ನಿಯಮವನ್ನು ಯಾವ ಶಾಸ್ತ್ರವೂ ಹೇಳಿಲ್ಲ.

ಹಾಗೆಂದು ಪೂರ್ಣ ನಿಷೇಧವೇ ಮದ್ದೆನ್ನುವವರ ಪಕ್ಷಕ್ಕೂ ನಾವು ಸೇರಲಾರೆವು. ಕರ್ನಾಟಕದಲ್ಲಿ 2007ರ ಜುಲೈ 1ರಿಂದ ಸಾರಾಯಿಯನ್ನು ನಿಲ್ಲಿಸಿದರು. ಒಂದು ವರ್ಷ ತುಂಬುವುದರೊಳಗೆ, 2008ರ ಮೇ ತಿಂಗಳಲ್ಲಿ, ಬೆಂಗಳೂರು, ಕೋಲಾರ ಜಿಲ್ಲೆಗಳಲ್ಲಿಯೂ ನಮ್ಮ ಕೃಷ್ಣಗಿರಿ ಜಿಲ್ಲೆಯಲ್ಲಿಯೂ ವಿಷಮದ್ಯವನ್ನು ಕುಡಿದು 150ಕ್ಕೂ ಹೆಚ್ಚು ಜನ ಸತ್ತರು. ಗಡಿಯ ಎರಡು ಬದಿಯ ಬಡವರನ್ನೂ ಒಂದೇ ವಿಷವು ಕೊಂದಿತು. ಅದಕ್ಕೆ ಭಾಷೆಯ ಭೇದವಿರಲಿಲ್ಲ. ಅಂಗಡಿಗಳು ತೆರೆದಿರುವ ಕಾಲದಲ್ಲಿಯೂ ಈ ಸಾವು ತಪ್ಪಿಲ್ಲ. 1981ರ ಬೆಂಗಳೂರಿನ ದುರಂತವನ್ನು ಹಿರಿಯರು ಮರೆತಿರಲಾರರು. 2024ರ ಜೂನಿನಲ್ಲಿ ಕಳ್ಳಕುರಿಚ್ಚಿಯಲ್ಲಿ ಸತ್ತವರು 60ಕ್ಕೂ ಹೆಚ್ಚು.

ತಮಿಳುನಾಡಿನ ಮದ್ಯದಂಗಡಿಗಳ ಎಚ್ಚರಿಕೆಯ ಮಾತೊಂದು ನಮ್ಮವರ ಕಿವಿಗೆ ಚಿರಪರಿಚಿತ: ‘ಕುಡಿ ಕುಡಿಯೈ ಕೆಡುಕ್ಕುಂ.’ ಕುಡಿತವು ಕುಟುಂಬವನ್ನು ಕೆಡಿಸುವುದೆಂದು ತಮಿಳಿನಲ್ಲಿ ಅರ್ಥ. ಅಲ್ಲಿ ‘ಕುಡಿ’ ಎಂದರೆ ಮನೆತನವೂ ಹೌದು. ಕನ್ನಡದ ಕಿವಿಗೆ ಅದರಲ್ಲಿ ಮತ್ತೊಂದು ಅರ್ಥ ಹೊಳೆಯುತ್ತದೆ. ನಮ್ಮಲ್ಲಿ ಕುಡಿಯೆಂದರೆ ಚಿಗುರು, ವಂಶದ ಕುಡಿ. ಮಾತನ್ನು ಬರೆಯಿಸಿದ ಅಧಿಕಾರಿಗಳಿಗೆ ಈ ಕನ್ನಡಾರ್ಥ ತಿಳಿದಿದ್ದಿತೋ ಇಲ್ಲವೋ, ನಮ್ಮ ಪ್ರಕೃತ ವಿಷಯಕ್ಕೆ ಅದು ತಮಿಳಿನದಕ್ಕಿಂತಲೂ ಹತ್ತಿರ.

ಹೊಸೂರು ಕಾರ್ಖಾನೆಗಳ ಪಟ್ಟಣವಾದ ಮೇಲೆ ನಮ್ಮ ಹಳ್ಳಿಗಳ ಹದಿನೆಂಟು, ಹತ್ತೊಂಬತ್ತರ ಹುಡುಗರು ಪಾಳಿಯ ಕೆಲಸಕ್ಕೆ ಹೋಗಿ, ನಾಲ್ಕಾರು ಜನ ಸೇರಿ ಬಾಡಿಗೆ ಕೋಣೆಗಳಲ್ಲಿ ವಾಸಿಸುತ್ತಾರೆ. ಆ ಕೋಣೆಗೆ ಹಿತ್ತಿಲ ಬಾಗಿಲಿಲ್ಲ, ಅಲ್ಲಿ ಮಲಗಿ ಕೆಮ್ಮುವ ಅಪ್ಪನಿಲ್ಲ. ಹಳೆಯ ಸಂಕೋಚವು ಅಲ್ಲಿಗೆ ತಲುಪದು. ಇಪ್ಪತ್ತೊಂದರ ನಿಯಮವು ಬದುಕಬೇಕಾದರೆ ಅಂಗಡಿಯ ಕಿಟಕಿಯಲ್ಲಿ ಹುಡುಗನ ಗುರುತಿನ ಚೀಟಿಯನ್ನು ಕೇಳಿ ನೋಡುವುದರಿಂದಲೇ. ಹದಿನೆಂಟು ತುಂಬದ ಮಗುವಿಗೆ ಮದ್ಯ ಕೊಟ್ಟವರಿಗೆ 2015ರ ಬಾಲನ್ಯಾಯ ಕಾಯಿದೆಯ 77ನೆಯ ಕಲಮಿನಂತೆ ಏಳು ವರ್ಷದವರೆಗೆ ಕಠಿಣ ಸಜೆಯೂ ಒಂದು ಲಕ್ಷ ರೂಪಾಯಿಯವರೆಗೆ ಜುಲ್ಮಾನೆಯೂ ಉಂಟು. ಮನೆಯ ಅಂಗಳದಲ್ಲಿ ಮದುವೆಯ ಮರುದಿನ ತಮಾಷೆಗೆಂದು ಹುಡುಗನ ಕೈಗೆ ಲೋಟವನ್ನು ಕೊಡುವ ಮಾವಂದಿರಿಗೂ ಈ ಕಲಮು ಸಲ್ಲುತ್ತದೆ; ಇದನ್ನು ಅವರಿಗೆ ತಿಳಿಸಿದವರು ಯಾರೂ ಇದ್ದಂತಿಲ್ಲ.

1948ರಿಂದ 1971ರ ನಡುವೆ ಇಲ್ಲಿ ಬೆಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ಅಂದಿನ ಸಂಜೆಗಳು ಹೇಗಿದ್ದವು, ಭಜನೆಯ ಮನೆಗಳು ಎಲ್ಲಿದ್ದವು, ಕಳ್ಳಭಟ್ಟಿಯ ದಾರಿಗಳು ಯಾವುವು, 1971ರಲ್ಲಿ ಮೊದಲ ಅಂಗಡಿ ತೆರೆದ ದಿನ ಊರು ಏನೆಂದಿತು ಎಂಬುದು ಯಾವ ಸರಕಾರಿ ಕಡತದಲ್ಲಿಯೂ ಸಿಕ್ಕದು. ಎಪ್ಪತ್ತೈದರ ಆಸುಪಾಸಿನ ಆ ಅಜ್ಜಂದಿರನ್ನೂ ಅಜ್ಜಿಯರನ್ನೂ ಕೇಳಿ, ಅವರ ಮಾತುಗಳಲ್ಲಿಯೇ ಬರೆದು ಕಳುಹಿಸಿಕೊಟ್ಟರೆ ಮುಂದಿನ ವರ್ಷದ ಸಂಚಿಕೆಯಲ್ಲಿ ಪ್ರಕಟಿಸುತ್ತೇವೆ. ಕನ್ನಡ ಶಾಲೆಯ ಮೇಲಿನ ತರಗತಿಗಳ ವಿದ್ಯಾರ್ಥಿಗಳು ಈ ಕೆಲಸವನ್ನು ಬೇಸಗೆಯ ರಜದಲ್ಲಿ ಕೈಗೊಳ್ಳಬಹುದು. ಕಾಗದ, ಟಪಾಲಿನ ವೆಚ್ಚವನ್ನು ಸಂಘವೇ ಭರಿಸುವುದು.